ಬಿಯರಿನ ಮಂದ: ನೊರೆ, ಸಕ್ಕರೆ, ಕಾಳು

ರಿಲೀಸ್ ಮುಗಿದ ಶುಕ್ರವಾರ ಸಂಜೆ ತಂಡದವರೆಲ್ಲ ಪುಣೆಯ ಒಂದು ಬ್ರೂಪಬ್ಬಿಗೆ ಹೋಗಿದ್ದೆವು. ಮೆನುವಿನಲ್ಲಿ ಎಲ್ಲಕ್ಕಿಂತ ದುಬಾರಿಯಾಗಿದ್ದದ್ದು ವೆನಿಲ್ಲಾ, ಚಾಕೊಲೇಟು, ಹಾಲಿನ ಸಕ್ಕರೆ ಹಾಕಿದ ಸ್ಟೌಟ್. ಒಂದು ಗುಟುಕು ಕುಡಿದು, “ಬಿಯರ್ ಅಂದ್ರ ಇದು ನೋಡ್ರಿ, ಎಷ್ಟ್ ಮಂದ ಐತಿ” ಎಂದೆ. ಹೊಸದಾಗಿ ತಂಡ ಸೇರಿದ್ದ ಧಾರವಾಡದ ಹುಡುಗಿ ತನ್ನ ಗ್ಲಾಸಿನಿಂದ ತುಸು ಕುಡಿದು, “ಸರ್, ಇದು ಬಾಸುಂದಿ ಆತಲ್ರಿ” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಗ್ಲಾಸು ಅರ್ಧಕ್ಕೆ ಬರುವಷ್ಟರಲ್ಲಿ ನನಗೂ ಸಾಕಾಗಿತ್ತು. ಉಳಿದರ್ಧ ಹಾಗೇ ಬಿಟ್ಟು ಎದ್ದೆ.

ಡೂಲಾಲಿ 2009ರಲ್ಲಿ ಪುಣೆಯಲ್ಲಿ ಶುರುವಾಯಿತು. ಆಮೇಲೆ ಈ ಊರಿನಲ್ಲಿ ಕ್ರಾಫ್ಟ್ ಬಿಯರು ಕುಡಿಯಲು ಕಲಿತವರಲ್ಲಿ ನಾನೂ ಒಬ್ಬ. ಇಷ್ಟು ವರ್ಷ ನನ್ನ ಕೈಯಲ್ಲಿದ್ದದ್ದು ಒಂದೇ ಅಳತೆಗೋಲು: ಮಂದ ಇದ್ದರೆ ಒಳ್ಳೆಯದು, ತೆಳು ಇದ್ದರೆ ಕಳಪೆ. ಆ ಅರ್ಧ ಗ್ಲಾಸು ನನ್ನ ಅಳತೆಗೋಲಿನ ಮೇಲೇ ಅನುಮಾನ ಹುಟ್ಟಿಸಿತು. ಬಾಯಲ್ಲಿ ಮಂದ ಅನಿಸುವುದೆಲ್ಲ ಒಂದೇ ಬಗೆಯದಲ್ಲ. ಅದು ಮುಖ್ಯವಾಗಿ ನೊರೆಯಿಂದ ಬರಬಹುದು, ಸಕ್ಕರೆಯಿಂದ ಬರಬಹುದು, ಕಾಳಿನಿಂದ ಬರಬಹುದು.

ಮೊದಲು ನೊರೆ. ಆನ್‌ಸೈಟಿಗೆಂದು ಡಬ್ಲಿನ್ನಿಗೆ ಹೋಗಿದ್ದಾಗ ಗಿನ್ನೆಸ್ ಡ್ರಾಫ್ಟ್ ಕುಡಿದು, ಇದೊಂದು ಕುಡಿದರೆ ರಾತ್ರಿ ಊಟವೇ ಬೇಡ ಎಂದುಕೊಂಡಿದ್ದೆ. ನಿಜದಲ್ಲಿ ಅದರ ಆಲ್ಕೊಹಾಲ್ ಶೇ. 4.2 ಮಾತ್ರ. ಕಪ್ಪು ಬಣ್ಣ ಹುರಿದ ಬಾರ್ಲಿಯದು, ಕೆನೆ ನೈಟ್ರೊಜನ್ನಿನದು. ಗಣಿತ ಓದಿದ್ದ ಮೈಕೆಲ್ ಆ್ಯಶ್ ಎಂಬುವರ ಮುಂದಾಳತ್ವದಲ್ಲಿ ಗಿನ್ನೆಸ್ ಕಂಪನಿ 1959ರಲ್ಲಿ ಈ ವಿಧಾನ ತಂದಿತು. ನೈಟ್ರೊಜನ್ ದ್ರವದಲ್ಲಿ ಸುಲಭಕ್ಕೆ ಕರಗುವುದಿಲ್ಲ, ಅದರ ಗುಳ್ಳೆಗಳು ಬಹಳ ಸಣ್ಣವು. ಅದಕ್ಕೇ ನಾಲಿಗೆಗೆ ಚುಚ್ಚುವ ಬದಲು ಸವರಿದಂತಾಗುತ್ತದೆ. ಆ ಕೆನೆಯ ಕೆಳಗಿರುವುದು ಒಣ, ಕಹಿ, ಹಗುರ ಬಿಯರು. ಅದು ಒಳ್ಳೆಯ ಬಿಯರೇ. ಆದರೆ ಅದನ್ನು ಮಂದ ಎಂದು ಹೊಗಳುವವರು ಕಣ್ಣಿನಿಂದ ಕುಡಿಯುತ್ತಿರುತ್ತಾರೆ. ನಾನೂ ಹಾಗೇ ಕುಡಿದಿದ್ದೆ.

ಎರಡನೆಯದು ಸಕ್ಕರೆ. ಬಿಯರಿನ ಯೀಸ್ಟಿಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ತಿನ್ನಲು ಬರುವುದಿಲ್ಲ. ಹಾಕಿದ್ದಷ್ಟೂ ಗ್ಲಾಸಿನವರೆಗೆ ಬರುತ್ತದೆ. ಇಂಗ್ಲೆಂಡಿನ ಮಿಲ್ಕ್ ಸ್ಟೌಟ್‌ಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ, ಅದರ ಮೇಲೆ ನನ್ನ ತಕರಾರಿಲ್ಲ. ಹುರಿದ ಕಾಳಿನ ಕಹಿ ಎದುರಿಗಿದ್ದರೆ ಆ ಸಿಹಿ ಅದಕ್ಕೆ ಜೊತೆಯಾಗುತ್ತದೆ. ಅಂದಿನ ಸ್ಟೌಟಿನಲ್ಲಿ ಎದುರಾಡುವ ಕಹಿಯೇ ಇರಲಿಲ್ಲ. ಸಿಹಿಗೆ ವೆನಿಲ್ಲಾ ಒತ್ತಾಸೆ, ವೆನಿಲ್ಲಾಕ್ಕೆ ಚಾಕೊಲೇಟು ಒತ್ತಾಸೆ. ತಣ್ಣಗಿರುವವರೆಗೆ ಹೇಗೋ ನಡೆಯಿತು, ಬೆಚ್ಚಗಾಗುತ್ತಲೇ ತುಟಿಗೆ ಅಂಟತೊಡಗಿತು.

ಮೂರನೆಯದು ಕಾಳು. ಇಲ್ಲಿ ಬ್ರೂವರನ ಕೈಚಳಕ ಕಾಣುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಬಿಸಿನೀರಿನಲ್ಲಿ ನೆನೆಹಾಕುವಾಗ ನೀರು 65 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಪಿಷ್ಟದ ಹೆಚ್ಚಿನ ಭಾಗ ಯೀಸ್ಟ್ ತಿನ್ನಬಲ್ಲ ಸಕ್ಕರೆಯಾಗುತ್ತದೆ, ಬಿಯರು ಒಣಗುತ್ತದೆ. ಅದೇ 69ರ ಸುತ್ತ ಇಟ್ಟರೆ ಯೀಸ್ಟಿಗೆ ದಕ್ಕದ ಡೆಕ್ಸ್‌ಟ್ರಿನ್‌ಗಳು ಹೆಚ್ಚು ಉಳಿಯುತ್ತವೆ. ಅವಕ್ಕೆ ಸಿಹಿ ಅಷ್ಟಿಲ್ಲ, ತೂಕವಿದೆ. ನಾಲ್ಕೇ ಡಿಗ್ರಿಯಲ್ಲಿ ಬಿಯರಿನ ಮೈ ಬದಲಾಗುತ್ತದೆ. ಓಟ್ಸ್ ಸೇರಿಸಿದರೆ ಅದರ ಬೀಟಾ ಗ್ಲೂಕನ್ ಒಂದು ನುಣುಪು ಕೊಡುತ್ತದೆ. ಲಂಡನ್ನಿನ ಪಬ್ಬೊಂದರಲ್ಲಿ ಕುಡಿದ ಸ್ಯಾಮ್ಯುಯೆಲ್ ಸ್ಮಿತ್ ಓಟ್‌ಮೀಲ್ ಸ್ಟೌಟ್ ನನಗೆ ಇದನ್ನು ತೋರಿಸಿತು. ನೊರೆ ಇಳಿದು ಬಿಯರು ಬೆಚ್ಚಗಾದ ಮೇಲೂ ಅದರ ಮೈ ಹಾಗೇ ಇತ್ತು.

ಮ್ಯೂನಿಕ್ಕಿನ ಪೌಲಾನರ್ ಸಾಲ್ವಟೋರ್‌ನದು ಇನ್ನೂ ಕಟ್ಟುನಿಟ್ಟು. ಓಟ್ಸಿಲ್ಲ, ಹಾಲಿನ ಸಕ್ಕರೆಯಿಲ್ಲ, ಇರುವುದೆಲ್ಲ ಬಾರ್ಲಿ ಮಾಲ್ಟಿನ ಮಂದ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಅಲ್ಲಿನ ಸನ್ಯಾಸಿಗಳಿಗೆ ಇಂಥ ಬಿಯರೇ ರೊಟ್ಟಿಯಾಗಿತ್ತು ಎಂದು ಹೇಳುತ್ತಾರೆ. ಶೇ. 7.9 ಆಲ್ಕೊಹಾಲಿನ ಅದನ್ನು ನಿಧಾನಕ್ಕೆ ಕುಡಿಯಬೇಕು, ಒಂದಕ್ಕೇ ನಿಲ್ಲಿಸಬೇಕು. ಕೊನೆಯ ಗುಟುಕಿನಲ್ಲೂ ಸುಟ್ಟ ರೊಟ್ಟಿಯ ಅಂಚಿನ ರುಚಿ ಇತ್ತು.

ಇಷ್ಟೆಲ್ಲ ಕುಡಿದೂ ನನ್ನ ಅಳತೆಗೋಲು ಯಾಕೆ ಬದಲಾಗಲಿಲ್ಲ? ಉತ್ತರ ಬಾಗಲಕೋಟೆ ಕಡೆಯ ನಮ್ಮ ಮನೆಯ ಅಡುಗೆಮನೆಯಲ್ಲಿದೆ. ಮಳೆ ಕೈಕೊಟ್ಟ ವರ್ಷ ಜೋಳದ ಚೀಲ ತಳ ಕಂಡಂತೆ ನಮ್ಮ ಅಂಬಲಿ ತೆಳುವಾಗುತ್ತಿತ್ತು. ಊಟದ ಹೊತ್ತಿಗೆ ಯಾರಾದರೂ ಬಂದರೆ ಅವ್ವ ಇನ್ನೊಂದು ಚೆಂಬು ನೀರು ಮಜ್ಜಿಗೆ ಹೊಯ್ಯುತ್ತಿದ್ದಳು. ತೆಳು ಅಂದರೆ ಬಡತನ ಎಂದು ನನ್ನ ನಾಲಿಗೆ ಆಗಲೇ ತೀರ್ಮಾನಿಸಿತ್ತು. ಸಂಬಳ ಬರತೊಡಗಿದ ಮೇಲೆ ನಾನು ದುಡ್ಡು ಕೊಟ್ಟು ಕೊಂಡದ್ದೆಲ್ಲ ಮಂದ: ಕಾಫಿ, ಸೂಪು, ಬಿಯರು. ಅದನ್ನು ಅಭಿರುಚಿ ಎಂದು ಕರೆದುಕೊಂಡೆ.

ಒಂದು ಸಲ ಬಟ್ಟಲು ದೂಡಿ, ನೀರಂಥಾ ಅಂಬಲಿ ಒಲ್ಲೆ ಎಂದು ಹಟ ಹಿಡಿದಿದ್ದೆ. “ತೆಳು ಐತಿ ಅಂತ ಯಾಕ ಅಂತಿ, ನುಚ್ಚು ಬಾಯಿಗೆ ಹತ್ತತೈತೋ ಇಲ್ಲೋ ನೋಡು” ಎಂದಿದ್ದಳು ಅವ್ವ. ಅಂದು ಅದು ಸಮಾಧಾನದ ಮಾತಾಗಿ ಕೇಳಿತ್ತು. ಇವತ್ತು ಬಿಯರಿನ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಹೊಳೆಯುತ್ತಿಲ್ಲ. ಕಾಳು ಬಾಯಿಗೆ ಸಿಗುತ್ತಿದೆಯೇ? ಸಿಗುತ್ತಿದ್ದರೆ ತೆಳು ಬಿಯರಿಗೂ ಮರ್ಯಾದೆ ಸಲ್ಲಬೇಕು. ಸಿಗದಿದ್ದರೆ ಎಷ್ಟೇ ಮಂದವಿದ್ದರೂ ಅದು ಬಾಸುಂದಿ.

ಪರೀಕ್ಷೆ ಸುಲಭ: ಕೊನೆಯ ಎರಡು ಗುಟುಕು ಉಳಿಸಿ ಹದಿನೈದು ನಿಮಿಷ ಹಾಗೇ ಬಿಡಿ. ನೊರೆ, ತಂಪು ಎರಡೂ ಹೋದ ಮೇಲೆ ಕುಡಿದು ನೋಡಿ.

ಹೋದ ತಿಂಗಳು ಅದೇ ಬ್ರೂಪಬ್ಬಿಗೆ ಒಬ್ಬನೇ ಹೋಗಿ ಮೆನುವಿನ ಕೆಳಗಿದ್ದ, ಏನೂ ಬೆರೆಸದ ಓಟ್ಸ್ ಸ್ಟೌಟ್ ತರಿಸಿದೆ. ಬೆಲೆ ಕಡಿಮೆ, ಹೆಸರಿನಲ್ಲಿ ಚಂದವಿಲ್ಲ. ಹದಿನೈದು ನಿಮಿಷ ಕಾದು ಕುಡಿದಾಗಲೂ ಅದರಲ್ಲಿ ಕಾಳಿತ್ತು. ಮುಂದಿನ ರಿಲೀಸಿಗೆ ತಂಡಕ್ಕೆ ಅದನ್ನೇ ತರಿಸಬೇಕೆಂದಿದ್ದೇನೆ. ಮೊದಲ ಗುಟುಕು ಆ ಹುಡುಗಿಯದು.