ಹಿಂದಿನ ಕೋಣೆಯ ಊಟ

ಸಿರಿಯಾದ ನಿರಾಶ್ರಿತರನ್ನು ಕುರಿತ ಚಿತ್ರವೆಂದು ಕೇಳಿ ‘ದಿ ಓಲ್ಡ್ ಓಕ್’ (2023) ನೋಡಲು ಕುಳಿತವನಿಗೆ ಮೊದಲು ತಟ್ಟುವುದು ಬಂದವರ ಸಂಕಟವಲ್ಲ, ಇದ್ದವರ ಸಂಕಟ. ನಿರ್ದೇಶಕ ಕೆನ್ ಲೋಚ್ ಹಾಗೂ ಕಥೆ ಬರೆದ ಪಾಲ್ ಲಾವರ್ಟಿಯವರಿಗೆ ಇದು ದೋಷವೆನಿಸದು. ಚಿತ್ರದ ಬಲವೇ ಅದು.

ಇಂಗ್ಲೆಂಡಿನ ಡರ್ಹಮ್ ಸೀಮೆಯ ಸಣ್ಣ ಊರು, ಕಾಲ 2016. ಕಲ್ಲಿದ್ದಲ ಗಣಿ ಮುಚ್ಚಿ ದಶಕಗಳು ಸಂದಿವೆ. ಚರ್ಚಿನ ಸಭಾಂಗಣಕ್ಕೂ ಬೀಗ ಬಿದ್ದಿದೆ. ನಾಲ್ಕು ಜನ ಕೂಡಲು ಉಳಿದಿರುವುದು ಬ್ಯಾಲಂಟೈನ್ ನಡೆಸುವ ಮದ್ಯದಂಗಡಿಯೊಂದೇ. ಅದರ ಹೆಸರೇ ಚಿತ್ರದ ಹೆಸರು. ಇಂಥ ಊರಿಗೆ ಸಿರಿಯಾದ ಸಂಸಾರಗಳು ಬಸ್ಸಿನಲ್ಲಿ ಬಂದಿಳಿಯುತ್ತವೆ. ಇಳಿದ ಗಳಿಗೆಯಲ್ಲೇ ಯಾರಾ ಎಂಬ ತರುಣಿಯ ಕ್ಯಾಮೆರಾ ಊರಿನವನೊಬ್ಬನಿಂದ ಮುರಿಯುತ್ತದೆ.

ಬ್ಯಾಲಂಟೈನನ ಹಳೆಯ ಗೆಳೆಯ ಚಾರ್ಲಿಯನ್ನು ಖಳನನ್ನಾಗಿ ಮಾಡುವುದು ಸುಲಭವಿತ್ತು, ಮಾಡಿಲ್ಲ. ಊರನ್ನು ಕಣ್ಣಿನಿಂದಲೂ ಕಾಣದ ಕಂಪನಿಗಳು ಅಕ್ಕಪಕ್ಕದ ಮನೆಗಳನ್ನು ಅಗ್ಗಕ್ಕೆ ಹರಾಜಿನಲ್ಲಿ ಕೊಳ್ಳುತ್ತಿವೆ. ಅವನ ಮನೆಯ ಬೆಲೆ ನೆಲಕಚ್ಚಿದೆ. ಕಂಪನಿಯ ಮುಖ ಅವನಿಗೆ ಕಾಣದು. ಹೊಸಬರ ಮುಖ ದಿನವೂ ಕಾಣುತ್ತದೆ. ಸಿಟ್ಟು ಅತ್ತ ತಿರುಗುತ್ತದೆ. ತಮ್ಮ ಅಹವಾಲು ಹೇಳಿಕೊಳ್ಳಲು ಸಭೆ ಸೇರುತ್ತೇವೆ, ಅಂಗಡಿಯ ಹಿಂದಿನ ಕೋಣೆಯನ್ನು ಕೊಡು ಎಂದು ಅವನ ಕಡೆಯವರು ಕೇಳಿದಾಗ ಬ್ಯಾಲಂಟೈನ್ ಇಲ್ಲವೆನ್ನುತ್ತಾನೆ. ಮುಂದೆ ಅದೇ ಕೋಣೆ ಊರಿನ ಬಡವರೂ ಸಿರಿಯಾದವರೂ ಒಟ್ಟಿಗೆ ಉಣ್ಣುವುದಕ್ಕೆ ತೆರೆಯುತ್ತದೆ! ಗೋಡೆಯ ಮೇಲೆ 1984-85ರ ಗಣಿ ಮುಷ್ಕರದ ಚಿತ್ರಗಳು. ಆಗಲೂ ಜನ ಹೀಗೆಯೇ ಕೂಡಿ ಉಂಡಿದ್ದರು. ಆ ಮುಷ್ಕರದ ನೆನಪು ಚಾರ್ಲಿಗೂ ಸೇರಿದ್ದಲ್ಲವೆ? ಅವನಿಗಾದ ಗಾಯದ ಆಳ ಇಲ್ಲಿದೆ. ಕೋಣೆಯನ್ನು ಕೆಡಿಸುವ ಹೀನ ಕೆಲಸಕ್ಕೆ ಅವನು ಕೈಹಾಕಿದಾಗ ಕೋಪದೊಡನೆ ಕನಿಕರವೂ ಬರುತ್ತದೆ.

ಬಂದವರ ಕಡೆಗೆ ಇಷ್ಟು ನ್ಯಾಯ ಸಂದಿಲ್ಲ. ಯಾರಾಗೆ ಇಂಗ್ಲಿಷ್ ಬರುತ್ತದೆ. ಆದ್ದರಿಂದ ಎಲ್ಲರ ಪರವಾಗಿ ಅವಳೇ ಮಾತನಾಡಬೇಕು. ಮಿಕ್ಕವರು ಬಹುಮಟ್ಟಿಗೆ ಗುಂಪಾಗಿಯೇ ಉಳಿಯುತ್ತಾರೆ. ಅವರೊಳಗೊಬ್ಬ ಜಗಳಗಂಟಿ, ಒಬ್ಬ ಜಿಪುಣ, ಊರಿನವರನ್ನು ಕಂಡರಾಗದವನೊಬ್ಬ ಇರಬಾರದಿತ್ತೆ? ಸಜ್ಜನರಾಗಿರುವುದೇ ಆಶ್ರಯಕ್ಕೆ ತೆರಬೇಕಾದ ಬಾಡಿಗೆಯೆಂಬಂತಾಗಿದೆ.

ಕೊನೆಯ ವಿಚಾರ. ಯಾರಾಳ ತಂದೆ ಸತ್ತ ಸುದ್ದಿ ಬಂದೊಡನೆ ಊರಿನವರು ಹೂ ಹಿಡಿದು ಅವಳ ಬಾಗಿಲಿಗೆ ಬರುತ್ತಾರೆ. ಸುಳ್ಳೆನ್ನಲಾರೆ, ಮಾತು ಬಿಟ್ಟವರೂ ಸಾವಿನ ಮನೆಗೆ ಹೋಗುವುದು ನಮ್ಮ ಹಳ್ಳಿಗಳಲ್ಲೂ ಉಂಟು. ಆದರೆ ಹಾಗೆ ಹೋದವರು ಮನೆಗೆ ಹಿಂದಿರುಗಿದ ಮೇಲೆ ಬೇಲಿಯ ವ್ಯಾಜ್ಯವನ್ನು ಬಿಟ್ಟದ್ದುಂಟೆ? ಚಿತ್ರ ಅಲ್ಲಿಂದ ನೇರವಾಗಿ ಡರ್ಹಮ್ ಗಣಿಗಾರರ ಮೆರವಣಿಗೆಗೆ ಹಾರುತ್ತದೆ. ಚಾರ್ಲಿಯ ಮನೆಯ ಬೆಲೆ ಕುಸಿದಲ್ಲೇ ಇದೆ. ಕರುಣರಸ ವ್ಯಾಜ್ಯವನ್ನು ನುಂಗಿಹಾಕಿದೆ.

ಇದಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಸಾವಿನ ಪ್ರಸಂಗ. ಬ್ಯಾಲಂಟೈನನ ಪುಟ್ಟ ನಾಯಿಯನ್ನು ದೊಡ್ಡ ನಾಯಿಗಳು ಕೊಂದುಹಾಕಿವೆ. ಯಾರಾ ಮತ್ತು ಅವಳ ತಾಯಿ ಅಡಿಗೆ ಮಾಡಿಕೊಂಡು ಅವನ ಮನೆಗೆ ಬರುತ್ತಾರೆ, ಮುಂದಿಟ್ಟು ಉಣ್ಣು ಎನ್ನುತ್ತಾರೆ. ಅವನು ಉಣ್ಣುತ್ತಾನೆ.