ಟ್ಯೂಬ್ ಕೊಟ್ಟರೆ ಚಿಕಿತ್ಸೆ ಮುಗಿಯಿತೇ?

ಶಿವಮೊಗ್ಗ, ಭದ್ರಾವತಿಗಳಲ್ಲಿ ಚರ್ಮರೋಗ ದುಡಿಮೆಯ ಬೆನ್ನಿಗೇ ಬರುತ್ತದೆ. ಭದ್ರಾ ನಾಲೆಯ ಗದ್ದೆಗಳಲ್ಲಿ ನಾಟಿ ಮಾಡುವವರಿಗೆ ಬೆರಳ ಸಂದಿಯ ಕೆಸರುಹುಣ್ಣು, ಕುಲುಮೆಯ ಬಿಸಿಯಲ್ಲಿ ನಿಲ್ಲುವವರಿಗೆ ಬೆವರುಸಾಲೆ, ಅಡಿಕೆ ಸುಲಿಯುವ ಹೆಂಗಸರಿಗೆ ಚೊಗರು ಹತ್ತಿ ಒಡೆದ ಅಂಗೈ. ಮಳೆಗಾಲದಲ್ಲಿ ಬಟ್ಟೆ ಒಣಗದ ಮನೆಗಳಲ್ಲಿ ಹುಳಕಡ್ಡಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಇದಕ್ಕೆಲ್ಲ ನಮ್ಮಲ್ಲಿ ನಡೆದುಬಂದಿರುವ ಉತ್ತರ ಒಂದೇ: ಒಂದು ಟ್ಯೂಬ್.

ಈ ರೂಢಿಯ ಮೊದಲ ದೋಷ ಟ್ಯೂಬಿನೊಳಗೇ ಇದೆ. ಚೀಟಿಯಿಲ್ಲದೆ ಕೊಳ್ಳುವ ಅನೇಕ ಮುಲಾಮುಗಳಲ್ಲಿ ಶಿಲೀಂಧ್ರದ ಔಷಧಿ ಮತ್ತು ಆಂಟಿಬಯೋಟಿಕ್‌ನ ಜೊತೆ ಕ್ಲೋಬೆಟಾಸೋಲ್‌ನಂಥ ತೀವ್ರ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನಕ್ಕೆ ತುರಿಕೆ ಇಳಿಯುತ್ತದೆ, ವಾಸಿಯಾಯಿತೆಂದು ಬಿಡುತ್ತಾರೆ. ಆದರೆ ಸ್ಟೀರಾಯ್ಡ್ ಚರ್ಮದ ಪ್ರತಿರೋಧವನ್ನೇ ಅಡಗಿಸುವುದರಿಂದ ಹುಳಕಡ್ಡಿ ಇನ್ನೂ ಅಗಲವಾಗಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯ ಚರ್ಮ ತೆಳ್ಳಗಾಗಿ ಬಿರುಕುಗೆರೆ ಬೀಳುತ್ತದೆ; ಆ ಗೆರೆ ಪೂರ್ತಿ ಮಾಯುವುದಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾದ ಷೆಡ್ಯೂಲ್ ಎಚ್ ಪಟ್ಟಿಯಡಿ ಬಿಗಿಗೊಳಿಸಿತು. ಕಾಯ್ದೆ ಸರಿಯಾಗಿದೆ, ಜಾರಿ ಸಾಲದು.

ಎರಡನೆಯ ದೋಷ ಹೆಚ್ಚು ಗಂಭೀರವಾದದ್ದು. ಸರಿಯಾದ ಔಷಧಿ ಬರೆದುಕೊಟ್ಟಾಗಲೂ ಅದನ್ನು ಹಚ್ಚುವ ಕ್ರಮ ರೋಗಿಗೆ ತಿಳಿದಿರುವುದಿಲ್ಲ. ಕಜ್ಜಿಯನ್ನೇ ನೋಡಿ. ಶೇ. 5ರ ಪರ್ಮೆಥ್ರಿನ್ ಅನ್ನು ಗುಳ್ಳೆಯ ಮೇಲಷ್ಟೇ ಅಲ್ಲ, ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದಿ, ಹೊಕ್ಕುಳು, ಉಗುರಿನಡಿಯನ್ನೂ ಬಿಡದೆ ಹಚ್ಚಿ ರಾತ್ರಿಯಿಡೀ ಬಿಡಬೇಕು. ಮನೆಯವರೆಲ್ಲ ಅದೇ ರಾತ್ರಿ ಹಚ್ಚಿಕೊಳ್ಳಬೇಕು, ವಾರದ ನಂತರ ಮತ್ತೊಮ್ಮೆ. ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಕಟ್ಟಿಡಬೇಕು. ಕಜ್ಜಿಯ ಹುಳ ಸತ್ತ ಮೇಲೂ ಎರಡು–ನಾಲ್ಕು ವಾರ ತುರಿಕೆ ಉಳಿಯಬಹುದು. ಈ ಒಂದು ಮಾತು ತಿಳಿಯದೆ ಜನ ದಿನವೂ ಔಷಧಿ ಬಳಿದುಕೊಂಡು ಚರ್ಮ ಸುಟ್ಟುಕೊಳ್ಳುತ್ತಾರೆ. ಹುಳಕಡ್ಡಿಯಲ್ಲೂ ಹಾಗೆಯೇ: ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ಕೆಸರುಹುಣ್ಣಿಗೆ ಕಾಲು ತೊಳೆದರೆ ಸಾಲದು, ಬೆರಳ ಸಂದಿಗಳನ್ನು ಒಣಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಸಕ್ಕರೆ ಕಾಯಿಲೆಯವರಿಗಂತೂ ಆ ಸಣ್ಣ ಬಿರುಕೇ ಕಾಲಿಗೆ ಕುತ್ತಾಗಬಹುದು.

ಇವು ವೈದ್ಯರ ಚೀಟಿಯಲ್ಲಿ ಹಿಡಿಯುವ ಮಾತುಗಳಲ್ಲ, ಶುಶ್ರೂಷೆಯ ಮಾತುಗಳು. ಆದರೆ ಚರ್ಮರೋಗದ ಹೊರರೋಗಿ ವಿಭಾಗಗಳಲ್ಲಿ ಸಿಸ್ಟರ್‌ಗಳನ್ನು ಸಾಲು ನಿಲ್ಲಿಸಲು, ಹೆಸರು ಬರೆಯಲು ಹಚ್ಚುವುದೇ ಹೆಚ್ಚು. ಗಾಯದ ಡ್ರೆಸ್ಸಿಂಗ್‌ಗೆ ಕೊಠಡಿಯಿದೆ, ಮುಲಾಮು ಹಚ್ಚಿ ತೋರಿಸಲು ಒಂದು ಮೇಜೂ ಇಲ್ಲ. ಸಿಬ್ಬಂದಿ ಕೊರತೆ ನಿಜ. ಆದರೆ ಒಮ್ಮೆ ಸರಿಯಾಗಿ ಹೇಳಿಸಿಕೊಂಡ ಕುಟುಂಬ ಅದೇ ಕಜ್ಜಿಗಾಗಿ ಮತ್ತೆ ಮತ್ತೆ ಸರದಿಯಲ್ಲಿ ನಿಲ್ಲುವುದು ತಪ್ಪಿದರೆ, ಆ ಸಮಯ ಆಸ್ಪತ್ರೆಗೇ ಉಳಿತಾಯ.

ಮೆಗ್ಗಾನ್‌ನಂಥ ಬೋಧನಾ ಆಸ್ಪತ್ರೆ ಇರುವ ಜಿಲ್ಲೆಗೆ ಇದು ದೊಡ್ಡ ಕೆಲಸವೇನಲ್ಲ. ತರಬೇತಾದ ಒಬ್ಬ ಸಿಸ್ಟರ್, ಒಂದು ಮೇಜು, ಕನ್ನಡ ಮತ್ತು ಉರ್ದುವಿನಲ್ಲಿ ಚಿತ್ರವಿರುವ ಒಂದು ಹಾಳೆ. ನಾಟಿಯ ಕಾಲಕ್ಕೆ ಮೊದಲೇ ಆಶಾ ಕಾರ್ಯಕರ್ತೆಯರಿಗೂ ಅದೇ ಪಾಠವಾಗಲಿ. ಹಚ್ಚುವ ಕ್ರಮ ಹೇಳಿಕೊಡದ ಚಿಕಿತ್ಸೆಯನ್ನು ಪೂರ್ಣವೆಂದು ಕರೆಯುವುದನ್ನು ನಾವು ನಿಲ್ಲಿಸಬೇಕು.