ಜನಾಭಿಪ್ರಾಯ ಎಂಬ ಅಧ್ಯಾಯ ಮತ್ತು ಗೋಗಿಯ ನೆಲ

ಬಿ.ಎ. ಓದುವಾಗ ರಾಜ್ಯಶಾಸ್ತ್ರದ ಒಂದು ಅಧ್ಯಾಯವನ್ನು ನಾವು ಬಾಯಿಪಾಠ ಮಾಡಿದ್ದೆವು. ಜನಾಭಿಪ್ರಾಯ, ಒತ್ತಡ ಗುಂಪು, ರಾಜಕೀಯ ಪಕ್ಷ, ಈ ಮೂರೂ ಸೇರಿ ಪ್ರಜಾಸರ್ಕಾರವನ್ನು ರೂಪಿಸುತ್ತವೆಂದು ಬರೆದು ಮಾರ್ಕ್ಸೂ ತಗೊಂಡೆವು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ನಾವೇ ಮೊದಲು. ಪುಸ್ತಕದ ಮೇಲೆ ಅನುಮಾನ ಪಡಲಿಕ್ಕೆ ಪದವಿ ಮುಗಿಯಬೇಕಾಯಿತು.

ಪುಸ್ತಕ ಪೂರಾ ಸುಳ್ಳಲ್ಲ. 371(ಜೆ) ನೋಡಿ. ಹೈದರಾಬಾದ್ ಕರ್ನಾಟಕ ವರ್ಷಾನುಗಟ್ಟಲೆ ಕೂಗಿತು, ವೈಜನಾಥ ಪಾಟೀಲರಂಥವರು ಬೀದಿಗಿಳಿದರು, 2012ರಲ್ಲಿ ಸಂಸತ್ತು ತಿದ್ದುಪಡಿಗೆ ಒಪ್ಪಿತು. ಆರು ಜಿಲ್ಲೆಗಳ ಓಟು ಆ ಕೂಗಿನ ಬೆನ್ನಿಗಿತ್ತು. ಪಕ್ಷಗಳಿಗೆ ಕಿವಿ ಕೇಳಿಸಿದ್ದು ಅದಕ್ಕೇ.

ಗೋಗಿ ಒಂದೇ ಊರು. ಆದಿಲಶಾಹಿ ಸುಲ್ತಾನರ ಗೋರಿಗಳಿರುವ ಈ ಊರಿನ ನೆಲದಡಿ ಯುರೇನಿಯಂ ಇದೆ. ಪ್ರಾಯೋಗಿಕ ಗಣಿ ತೋಡಿದರು, ಊರವರು ವಿರೋಧಿಸಿದರು. ಒಂದೂರಿನ ಓಟಿಗೆ ಯಾವ ಪಕ್ಷ ಹೆದರುತ್ತದೆ?

ಓಟಿಲ್ಲದೆಯೂ ಒಂದು ಬಾಗಿಲಿತ್ತು. 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗೆ ಅನುಮತಿ ಕೊಡುವ ಮೊದಲು ಜನರ ಅಹವಾಲು ಕೇಳಬೇಕು. ಜಿಲ್ಲಾಧಿಕಾರಿಯೋ ಅವರ ಪ್ರತಿನಿಧಿಯೋ ಬಂದು ಕೂರಬೇಕು, ಆಡಿದ ಮಾತನ್ನು ಬರೆದುಕೊಂಡು ಜನರ ಭಾಷೆಯಲ್ಲೇ ಓದಿ ಹೇಳಬೇಕು. ಹೆಬ್ಬೆಟ್ಟಿನ ಮುದುಕಿಯ ಮಾತೂ ಕಾಗದಕ್ಕೆ ಏರುವ ಜಾಗ ಅದು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಮಾಣು ಖನಿಜದ ಗಣಿಗಳಿಗೆ ಈ ಅಹವಾಲೇ ಬೇಡವೆಂದಿತು. ಸಂಸತ್ತಿನಲ್ಲಿ ಮಸೂದೆಯಿಲ್ಲ, ಚರ್ಚೆಯಿಲ್ಲ, ಬರೀ ಒಂದು ಕಚೇರಿ ಜ್ಞಾಪನ. ಹಾಗೆ ಮಾಡಿರೆಂದು ಕೇಳಿಕೊಂಡವರು ಯಾರು? ರಕ್ಷಣಾ ಸಚಿವಾಲಯ ಮತ್ತು ಪರಮಾಣು ಶಕ್ತಿ ಇಲಾಖೆ. ಒತ್ತಡ ಗುಂಪು ಸರ್ಕಾರದ ಹೊರಗೆ ಇರುತ್ತದೆಂದು ನಾವು ಪರೀಕ್ಷೆಯಲ್ಲಿ ಬರೆದಿದ್ದೆವಲ್ಲ!

ಇಷ್ಟನ್ನು ಬೈದು ಸುಮ್ಮನಾದರೆ ನಮ್ಮದೂ ಕಳ್ಳತನವೇ. ಗಣಿಯ ವಿರುದ್ಧ ಬರೆಯುವಾಗ ನಾವೂ 'ರೈತರ ಅಭಿಪ್ರಾಯ' ಎಂದೇ ಬರೆಯುತ್ತೇವೆ. ಪಹಣಿಯಲ್ಲಿ ಹೆಸರಿದ್ದವನು ರೈತ. ಅವನ ಹೊಲದಲ್ಲಿ ಹತ್ತಿ ಬಿಡಿಸುವ ನಮ್ಮ ಕೇರಿಯ ಹೆಂಗಸಿನ ಅಭಿಪ್ರಾಯ ಯಾವ ಕಾಲಮ್ಮಿನಲ್ಲಿದೆ? 2013ರ ಭೂಸ್ವಾಧೀನ ಕಾಯ್ದೆಯಾದರೂ ಮೂರು ವರ್ಷ ಆ ನೆಲವನ್ನೇ ನಂಬಿ ದುಡಿದ ಕೂಲಿಯವರನ್ನೂ ಬಾಧಿತ ಕುಟುಂಬವೆಂದು ಎಣಿಸುತ್ತದೆ. ನಮ್ಮ ಕರಪತ್ರಗಳು ಅಷ್ಟನ್ನೂ ಎಣಿಸಿಲ್ಲ.

ಈ ಲೇಖನ ಓದಿ ಹೇಳಿದಾಗ ನಮ್ಮ ಚಿಗವ್ವ ಕೇಳಿದಳು: "ಹೊಲ ಇದ್ದವರಿಗೆ ನೋಟೀಸ್ ಬರ್ತದ ಅಂತಿ. ಆ ಬೋರಿನ ನೀರು ಕುಡಿಯಾಕಿ ನಾನೂ ಅದೀನಲ್ಲೋ ತಮ್ಮಾ, ನನಗೇನು ಬರ್ತದ?"